ಫೀಬಾಳ ಬೇಡಿಯ ಮೊಳೆ

ಕಮ್ಮಾರ ಕ್ವಾಶ್ ಕುಲುಮೆಯ ಕಬ್ಬಿಣದ ಅಡಿಗಲ್ಲಿಗೆ ಸುತ್ತಿಗೆ ಬಡಿದರೆ ಜಮೈಕಾದ ಏಳು ಕಬ್ಬಿನ ತೋಟಗಳ ಹೇಸರಗತ್ತೆಗಳು ಕಿವಿ ನಿಮಿರಿಸುತ್ತಿದ್ದವು. ಇದರಲ್ಲಿ ಅರ್ಧ ಸುಳ್ಳು. ಹೇಸರಗತ್ತೆಗಳಿದ್ದದ್ದು ಮೂರೇ ತೋಟಗಳಲ್ಲಿ. ಈಗ ಅದೇ ಸುತ್ತಿಗೆಯ ಕೆಳಗೆ ಅವನ ಮಗಳು ಫೀಬಾಳ ಪಾದವಿತ್ತು. ಅಪ್ಪ ಮಗಳಿಬ್ಬರೂ ಗುಲಾಮರು; ಒಡೆಯ ಅವಳನ್ನು ಗುಡ್ಡದಾಚೆಯ ತೋಟಕ್ಕೆ ಮಾರಿದ್ದ. ಕಾಲಿಗೆ ಬೇಡಿ ಬಿಗಿಯುವ ಕೆಲಸ ಅಪ್ಪನ ಪಾಲಿಗೇ ಬಂದಿತ್ತು.

“ಭದ್ರವಾಗಿ ಹೊಡಿಯೋ, ಮುದುಕ. ಮಗ್ಳು ಅಂತ ಮುದ್ದು ಮಾಡ್ಬೇಡ,” ಎಂದ ಮೇಲ್ವಿಚಾರಕ, ತೋಟದಾಳುಗಳ ಬಾಯಲ್ಲಿ ‘ಬುಷಾ’.

“ಮುದ್ದು ಮಾಡೋ ಕೈನಾ ಇದು, ಬುಷಾ? ಇದಕ್ಕಿಂತ ನಿಮ್ ಕುದ್ರೆ ಗೊರಸೇ ಮೆತ್ತಗಿರುತ್ತೆ,” ಎಂದು ಕ್ವಾಶ್ ನಕ್ಕ. ಮಗಳ ಕಣಕಾಲಿಗೂ ಕಬ್ಬಿಣಕ್ಕೂ ನಡುವೆ ತನ್ನ ಅಂಗಿಯ ಚೂರೊಂದನ್ನು ತುರುಕಿ, ಮಸಿ ಬಳಿದ ಮೊಳೆಯನ್ನು ಬೇಡಿಯ ತೂತಿಗೆ ಇಳಿಸಿದ. ಮೊಳೆಗೊಂದು ಏಟು, ಅಡಿಗಲ್ಲಿಗೊಂದು ಏಟು. ಠಣ್ಣೆಂದು ಕುಲುಮೆ ತುಂಬ ಸದ್ದು, ಮೇಲ್ವಿಚಾರಕ ತಲೆದೂಗಿದ.

ಚಿಕ್ಕಂದಿನಿಂದ ಅಲ್ಲೇ ತಿದಿ ಒತ್ತಿದ್ದ ಫೀಬಾಳಿಗೆ ಮಾತ್ರ ಗೊತ್ತಾಯಿತು: ಠಣ್ಣೆನ್ನುತ್ತಿದ್ದದ್ದು ಅಡಿಗಲ್ಲು. ಮೊಳೆ ಸದ್ದೇ ಮಾಡುತ್ತಿರಲಿಲ್ಲ. ಅದು ಅಪ್ಪನ ಮೀನುಬಲೆಗೆ ಭಾರಕ್ಕೆ ಕಟ್ಟುವ ಮೆತ್ತನೆಯ ಸೀಸ; ಕಲ್ಲಿನಿಂದ ಎರಡು ಸಲ ಕುಟ್ಟಿದರೆ ಕಿತ್ತು ಬರುವಂಥದ್ದು. ಅವಳು ಓಡಿಹೋಗಿ ಗುಟ್ಟು ಬಯಲಾದರೆ ಒಡೆಯ ಅಪ್ಪನ ಬಲಗೈ ಕಡಿಸಿದ ಹಾಗೆಯೇ. ಅಷ್ಟು ಹೊತ್ತು ಅಳುತ್ತಿದ್ದವಳು ಅಳು ನಿಲ್ಲಿಸಿ ಅವನ ಮುಖ ನೋಡಿದಳು.

“ಅಳು ಮಗಾ, ಜೋರಾಗಿ ಅಳು,” ಎಂದ ಅವನು, ಮತ್ತೆ ಅಡಿಗಲ್ಲಿಗೆ ಬಡಿಯುತ್ತಾ. ಫೀಬಾ ಏಳೂ ತೋಟಗಳಿಗೆ ಕೇಳುವ ಹಾಗೆ ಅತ್ತಳು. ಅವಳನ್ನು ಹೊತ್ತ ಗಾಡಿ ಕಾಡುಗುಡ್ಡ ಹತ್ತುವಾಗ ಅವಳು ದಾರಿಬದಿಯ ಕಲ್ಲು ಎತ್ತಿಕೊಂಡು ಮೊಳೆ ಕಿತ್ತು ಓಡಿದಳೋ, ಅಪ್ಪನ ಕೈ ನೆನೆದು ಸುಮ್ಮನೆ ಕುಳಿತಳೋ, ನೀವೇ ಹೇಳಿ.