ಎರಡನೆಯ ಉದ್ದೇಶ

ಒಗ್ಗರಣೆಯ ಘಮ ರಫ್ತಾಗತೊಡಗಿ ಇಪ್ಪತ್ತು ವರ್ಷವಾಗಿತ್ತು. ಸಾಸಿವೆ ಇಲ್ಲಿ ಸಿಡಿಯುತ್ತಿತ್ತು, ಘಮ ಪರದೇಶದಲ್ಲಿ ಏಳುತ್ತಿತ್ತು. ಆ ವ್ಯಾಪಾರನೀತಿಯ ಮೇಲೆ ಪಿಎಚ್‌ಡಿ ಮಾಡಹೊರಟ ಸುಲೋಚನಾ ಸಂಶೋಧನೆಯ ಉದ್ದೇಶಗಳನ್ನು ಬರೆದು ಗೈಡ್ ಹಾಲಪ್ಪನವರ ಮುಂದಿಟ್ಟಳು. ಮೊದಲನೆಯದು, ದೇಶಕ್ಕಾದ ಲಾಭ; ಅದಕ್ಕೆ ಅಂಕಿಅಂಶ ರಾಶಿ ಬಿದ್ದಿತ್ತು. ಎರಡನೆಯದು, ಅಡುಗೆಮನೆಗಳು ಕಳೆದುಕೊಂಡದ್ದು.

“ಇದನ್ನ ಹೇಗಮ್ಮ ಅಳೀತೀಯ? ಮೊದಲು ಹೇಗಿತ್ತು ಅಂತ ಬರಿ, ಆಮೇಲೆ ಹೋಲಿಸು.”

ಅವಳು ಪೆನ್ನು ಹಿಡಿದು ಕೂತಳು. ಅಮ್ಮನ ಸೌಟು, ಚಟಪಟ ಸದ್ದು ಎಲ್ಲ ನೆನಪಾಯಿತು. ಘಮ ಮಾತ್ರ ಬರಲೊಲ್ಲದು.

“ನಿಮಗೆ ನೆನಪಿದೆಯಾ ಸರ್?”

ಹಾಲಪ್ಪನವರು ತಮ್ಮ ಊಟದ ಡಬ್ಬಿ ತೆರೆದು, ಹಳೇ ರೂಢಿಯಂತೆ ಸಾರಿನ ಮೇಲೆ ಮೂಗು ಬಾಗಿಸಿದರು. ಉಸಿರೆಳೆದರು, ಮತ್ತೊಮ್ಮೆ ಎಳೆದರು.

“ಎರಡನೇದನ್ನ ಹೊಡೆದುಹಾಕಮ್ಮ” ಎಂದರು, ಮುಚ್ಚಳ ಹಾಕುತ್ತ.