ಅಜ್ಜಿ ಉಪ್ಪು ನೋಡಿದ್ದು

ಮಗಳು ಮೀನು ಸಾಕಿರುವ ಗಾಜಿನ ತೊಟ್ಟಿಯಿಂದ ಸಮುದ್ರದ ವಾಸನೆ ಬಂದಾಗೆಲ್ಲ ತಿರ್ಲಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕಾಕಾ ಕಾರವಾರದಿಂದ ಗಾಜಿನ ಭರಣಿಯಲ್ಲಿ ಸಮುದ್ರದ ನೀರನ್ನೂ ಒಂದು ಪಟ್ಟೆ ಮೀನನ್ನೂ ತಂದಿದ್ದ. ಬಿಸಿಲಿಗೆ ನೀರು ಇಳಿಯಿತೆಂದು ಕೆರೆಯ ನೀರಿಗೆ ಉಪ್ಪು ಕಲಸಿ ಸುರಿದ. ಮೀನು ಓರೆಯಾಗಿ ಬಾಯಿ ಬಿಡತೊಡಗಿತು. ನಾನು ಭರಣಿಗೂ ಬಾಗಿಲಿಗೂ ಓಡಾಡಿ ಹೊಸ್ತಿಲು ಸವೆಸಿದೆ.

ಮೀನಿನ ಹೆಸರೆತ್ತಿದರೂ ಮೈಲಿಗೆಯೆಂದು ಬಾಯಿ ಮುಕ್ಕಳಿಸುವ ಅಜ್ಜಿ ಬಂದಳು. ಗೋಕರ್ಣದಲ್ಲಿ ಸಮುದ್ರಕ್ಕಿಳಿದು ನೀರು ಕುಡಿದ ಅನುಭವ ನಮ್ಮ ಮನೆತನದಲ್ಲಿ ಅವಳೊಬ್ಬಳಿಗೇ ಇತ್ತು. ಬೆರಳದ್ದಿ ನಾಲಿಗೆಗಿಟ್ಟಳು.

“ಯವ್ವಾ, ಅದು ಮೀನಿನ ನೀರು!” ಎಂದ ಕಾಕಾ.

“ಗೋಕರ್ಣದಾಗ ಇಷ್ಟು ಉಪ್ಪಿರಲಿಲ್ಲಲೇ. ಬರೇ ನೀರು ಹಾಕು.”

ಕಾಕಾ ಹಾಕಿದ. ಅಜ್ಜಿ ತಲೆಗೆ ನೀರೆರೆದುಕೊಂಡು, ವಿಭೂತಿ ಹಚ್ಚಿಕೊಂಡು ಬಂದಳು. ಮೀನು ಅರ್ಧ ಮಾತ್ರ ನೆಟ್ಟಗಾಗಿತ್ತು.

“ಬಾಜು ಸರೀಲೇ,” ಎಂದು ಕಾಕಾನನ್ನು ಪಕ್ಕಕ್ಕೆ ಸರಿಸಿ ಮತ್ತೆ ಬೆರಳದ್ದಿದಳು. “ಇನ್ನೊಮ್ಮಿ ಜಳಕಾ ಮಾಡಿದ್ರಾತು.”