ಗೀಸರಿನ ಸೇಡು

ಇದು ಕಟ್ಟುಕಥೆಯಲ್ಲ, ನಮ್ಮ ಬೀದಿಯಲ್ಲೇ ನಡೆದದ್ದು. ಹೋದ ಚಳಿಗಾಲದಲ್ಲಿ ಧನಂಜಯ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದಾಗ, ಪಕ್ಕದ ಮನೆಯ ವಿರೂಪಾಕ್ಷ ಹೊರಗಿದ್ದ ಗೀಸರಿನ ಗ್ಯಾಸ್ ಬಂದ್ ಮಾಡಿಬಿಟ್ಟಿದ್ದ. ಧನಂಜಯನ ಚೀರಾಟಕ್ಕೆ ಬೀದಿಯೇ ನಕ್ಕಿತ್ತು.

ಈ ಸಲ ಚಳಿ ಬಿದ್ದದ್ದೇ ತಡ, ಧನಂಜಯ ಗೀಸರ್ ಮೆಕ್ಯಾನಿಕ್ಕಿನ ದನಿಯಲ್ಲಿ ವಿರೂಪಾಕ್ಷನಿಗೆ ಫೋನ್ ಮಾಡಿದ.

"ಸಾರ್, ಸರ್ವಿಸಿಗೆ ಮುಂದಿನ ವಾರ ಬರ್ತೀನಿ. ಅಲ್ಲೀತನಕ ಗೀಸರ್ ಹಚ್ಚಲೇಬೇಡಿ, ಪೈಪ್ ಸುಟ್ಟೋಗುತ್ತೆ!"

ವಾರ ಕಳೆದ ಮೇಲೆ ಬೀದಿಯವರ ಮುಂದೆ ಅದೇ ದನಿ ತೆಗೆದ.

"ಸಾರ್, ತಣ್ಣೀರು ಸ್ನಾನ ಹೆಂಗಿತ್ತು?"

ಎಲ್ಲರೂ ಘೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ವಿರೂಪಾಕ್ಷನೇ.

"ತಣ್ಣೀರಾ? ಪಾಪ ಅಂತ ನಿಮ್ಮಮ್ಮನೇ ಕರೆದ್ರು ಕಣೋ. ನೀನು ಆಫೀಸಿಗೆ ಹೋದ್ಮೇಲೆ ನಮ್ಮನೆ ಐದು ಜನಾನೂ ದಿನಾ ನಿಮ್ಮನೇಲೇ ಸ್ನಾನ. ಇವತ್ತು ನಿಮ್ಮ ಸಿಲಿಂಡರ್ ಖಾಲಿಯಾಯ್ತು!"